ಕರೆಯುವ ಹೆಸರು, ಕರೆಸಿಕೊಳ್ಳುವ ಹೆಸರು: ಒಂದು ಚಲನಚಿತ್ರ ಪ್ರಶಸ್ತಿ ಸಮಾರಂಭವನ್ನು ಕುರಿತು ರಾಯಚೂರು ಸೀಮೆಯಿಂದ ಒಂದು ವಿಮರ್ಶೆ

೧

ಚಲನಚಿತ್ರಗಳಿಗೆ ಪ್ರಶಸ್ತಿ ನೀಡುವ ಸಮಾರಂಭವು ಇತಿಹಾಸದ ಅಭ್ಯಾಸಕ್ಕೆ ತಕ್ಕ ವಸ್ತುವೆಂದು ಒಪ್ಪಲು ವಾಚಕರಲ್ಲಿ ಕೆಲವರು ಹಿಂಜರಿಯಬಹುದು. ಅದು ಒಂದು ಸಂಜೆಯ ವಿನೋದ. ಮರುದಿನದ ಪತ್ರಿಕೆಯೊಡನೆ ಹಳೆಯದಾಗತಕ್ಕದ್ದು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಸಭೆಯಲ್ಲಿ ಯಾರನ್ನು ಯಾವ ಹೆಸರಿನಿಂದ ಕರೆದು ಮನ್ನಿಸಿದರು ಎಂಬ ಪ್ರಶ್ನೆ ಇತಿಹಾಸಕಾರನಿಗೆ ಹೊಸದಲ್ಲ. ನಮ್ಮ ಶಿಲಾಶಾಸನಗಳಲ್ಲಿ ಬಹುಭಾಗ ಇಂತಹ ಮನ್ನಣೆಯ ದಾಖಲೆಗಳೇ ಆಗಿವೆ. ದಾನ ಪಡೆದವನ ಹೆಸರು, ಅವನ ಊರು, ಅವನ ಬಿರುದು, ಇವುಗಳನ್ನು ತಪ್ಪಿಲ್ಲದೆ ಕಲ್ಲಿನಲ್ಲಿ ಕೊರೆಯಿಸಲು ಹಿಂದಿನವರು ವಹಿಸಿದ ಶ್ರಮವನ್ನು ನಾವೆಲ್ಲರೂ ಬಲ್ಲೆವು.

೨೦೨೩ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ಆಸ್ಕರ್ ಪ್ರಶಸ್ತಿ ಸಮಾರಂಭವನ್ನು ಟೆಲಿವಿಷನ್ನಿನಲ್ಲಿ ನೋಡಿದ ಭಾರತೀಯ ಪ್ರೇಕ್ಷಕರಲ್ಲಿ ಅನೇಕರು ಅದರ ನಿರೂಪಕರ ಒಂದು ಮಾತಿಗೆ ಅಸಮಾಧಾನವನ್ನು ಸೂಚಿಸಿದರು. ತೆಲುಗು ಚಿತ್ರವೊಂದನ್ನು ಅವರು ಬಾಲಿವುಡ್ ಚಿತ್ರವೆಂದು ಕರೆದಿದ್ದರು. ಈ ಅಸಮಾಧಾನದ ಹಿನ್ನೆಲೆಯನ್ನು ಪರಿಶೀಲಿಸುವುದು, ಮತ್ತು ಅದನ್ನು ನಮ್ಮ ಸೀಮೆಯ ಅನುಭವದೊಡನೆ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ. ರಾಯಚೂರಿನಿಂದ ಪಡುವಣ ದಿಕ್ಕಿಗೆ ಹೊರಟವನಿಗೆ ಕಲ್ಮಲದ ಬಳಿ ದಾರಿ ಕವಲೊಡೆಯುತ್ತದೆ. ಒಂದು ಮಾನ್ವಿ, ಸಿಂಧನೂರುಗಳ ಕಡೆಗೂ ಇನ್ನೊಂದು ದೇವದುರ್ಗ, ತಿಂಥಣಿಗಳ ಕಡೆಗೂ ಹೋಗುತ್ತವೆ. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಈ ಸೀಮೆಯಿಂದ ಆ ದೂರದ ಸಮಾರಂಭವನ್ನು ನೋಡಲು ವಿಶೇಷವಾದ ಕಾರಣವೊಂದು ಉಂಟು. ಅದನ್ನು ಮುಂದೆ ಯಥಾಸ್ಥಾನದಲ್ಲಿ ಹೇಳುವೆವು.

೨

ಮೊದಲು ಸಮಾರಂಭದ ಸ್ವರೂಪವನ್ನು ತಿಳಿಯಬೇಕು. ಮೊದಲನೆಯ ಆಸ್ಕರ್ ಸಮಾರಂಭ ನಡೆದುದು ೧೯೨೯ರ ಮೇ ೧೬ರಂದು, ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ. ಊಟಕ್ಕೆ ಕುಳಿತಿದ್ದವರು ಸುಮಾರು ೨೭೦ ಮಂದಿ. ಪ್ರಶಸ್ತಿ ಪಡೆದವರ ಹೆಸರುಗಳು ಮೂರು ತಿಂಗಳ ಮುಂಚೆಯೇ ಪ್ರಕಟವಾಗಿದ್ದುವು. ಪ್ರಶಸ್ತಿಗಳನ್ನು ಹಂಚಲು ಹಿಡಿದ ಕಾಲ ಹದಿನೈದು ನಿಮಿಷ. ಅಂದು ಕುತೂಹಲಕ್ಕೆ ಎಡೆಯಿರಲಿಲ್ಲ. ಹೊರಗಿನ ಪ್ರೇಕ್ಷಕನಿಗೆ ಸ್ಥಾನವೂ ಇರಲಿಲ್ಲ. ಹೆಸರುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಡುವ ಪದ್ಧತಿ ಬಂದುದು ೧೯೪೧ರಲ್ಲಿ. ಹಿಂದಿನ ವರ್ಷ ಪತ್ರಿಕೆಯೊಂದು ಹೆಸರುಗಳನ್ನು ಸಮಾರಂಭಕ್ಕೆ ಮೊದಲೇ ಅಚ್ಚು ಮಾಡಿದುದು ಇದಕ್ಕೆ ಕಾರಣ.

ನಿಜವಾದ ಮಾರ್ಪಾಡು ೧೯೫೩ರ ಮಾರ್ಚ್ ೧೯ರಂದು ಉಂಟಾಯಿತು. ಸಮಾರಂಭದ ವೆಚ್ಚಕ್ಕೆ ಹಣ ಕೊಡಲು ಕೆಲವು ಚಿತ್ರನಿರ್ಮಾಣ ಸಂಸ್ಥೆಗಳು ಒಪ್ಪದಿರಲು, ಎನ್‌ಬಿಸಿ ಎಂಬ ಪ್ರಸಾರ ಸಂಸ್ಥೆ ಒಂದು ಲಕ್ಷ ಡಾಲರು ಕೊಟ್ಟು ಅದನ್ನು ಟೆಲಿವಿಷನ್ನಿನಲ್ಲಿ ತೋರಿಸುವ ಹಕ್ಕನ್ನು ಪಡೆಯಿತು. ಬಾಬ್ ಹೋಪ್ ಅಂದಿನ ನಿರೂಪಕರು. ಅಲ್ಲಿಂದ ಮುಂದೆ ಸಭೆಯಲ್ಲಿ ಕುಳಿತ ಅತಿಥಿಗಿಂತ ಮನೆಯಲ್ಲಿ ಕುಳಿತ ಪ್ರೇಕ್ಷಕನೇ ಮುಖ್ಯನಾದನು. ಏಕೆಂದರೆ ಹಣ ಬರುತ್ತಿದ್ದುದು ಅವನ ಕಣ್ಣುಗಳಿಂದ. ಅಮೆರಿಕದಲ್ಲಿ ಈ ಸಮಾರಂಭವನ್ನು ನೋಡಿದವರ ಸಂಖ್ಯೆ ೧೯೯೮ರಲ್ಲಿ ಐದೂವರೆ ಕೋಟಿಯನ್ನು ಮೀರಿದ್ದು, ೨೦೨೧ರಲ್ಲಿ ಸುಮಾರು ಒಂದು ಕೋಟಿಗೆ ಇಳಿಯಿತು. ಇಂತಹ ಇಳಿತಕ್ಕೆ ಅಂಜುವ ಸಮಾರಂಭಕ್ಕೆ ಪ್ರೇಕ್ಷಕನ ಮೆಚ್ಚುಗೆ ಅಥವಾ ಮುನಿಸು ಅಲ್ಪವಾದ ವಿಷಯವಲ್ಲ.

ನಿರೂಪಕನ ಪದವಿಯೂ ಇದರೊಡನೆ ಬದಲಾಯಿತು. ಅವನು ಅತಿಥಿಗಳನ್ನು ನಗಿಸಬೇಕು. ಅದೇ ಉಸಿರಿನಲ್ಲಿ ಲೋಕದ ಪ್ರೇಕ್ಷಕರಿಗೆ ಅತಿಥಿಗಳ ಪರಿಚಯವನ್ನೂ ಮಾಡಿಕೊಡಬೇಕು. ಈ ಎರಡು ಕೆಲಸಗಳು ಎಷ್ಟೋ ಸಲ ಒಂದಕ್ಕೊಂದು ವಿರೋಧವಾಗುತ್ತವೆ. ೨೦೧೬ರಲ್ಲಿ ನಿರೂಪಕರಾಗಿದ್ದ ಕ್ರಿಸ್ ರಾಕ್ ಅವರು ಏಷ್ಯಾ ಮೂಲದ ಮಕ್ಕಳನ್ನು ವೇದಿಕೆಗೆ ಕರೆಸಿ ಆಡಿದ ಹಾಸ್ಯವನ್ನು ಆಕ್ಷೇಪಿಸಿ, ಅಕಾಡೆಮಿಯ ಏಷ್ಯಾ ಮೂಲದ ಸದಸ್ಯರು ೨೫ ಮಂದಿ ಪತ್ರ ಬರೆದರು. ಅಕಾಡೆಮಿ ವಿಷಾದವನ್ನು ಸೂಚಿಸಬೇಕಾಯಿತು. ೨೦೧೯ರಿಂದ ಮೂರು ವರ್ಷ ನಿರೂಪಕನೇ ಇಲ್ಲದೆ ಸಮಾರಂಭ ನಡೆದುದೂ ಉಂಟು. ಆದುದರಿಂದ ೨೦೨೩ರ ಅಸಮಾಧಾನವು ಆಕಸ್ಮಿಕವಲ್ಲ. ಅದಕ್ಕೆ ಹಿಂದಿನ ನಿದರ್ಶನಗಳಿವೆ.

೩

ಇನ್ನು ನಮ್ಮ ಸೀಮೆಯ ಪ್ರೇಕ್ಷಕನ ವಿಚಾರ. ಟೆಲಿವಿಷನ್ ನೋಡುವ ಅಭ್ಯಾಸ ಹಳ್ಳಿಗಳಿಗೆ ತಡವಾಗಿ ಬಂದಿತೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ರಾಯಚೂರು ಜಿಲ್ಲೆಯ ಮಟ್ಟಿಗೆ ಇದು ಸರಿಯಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು ೧೯೮೧ರ ನವೆಂಬರ್ ೧ರಂದು. ಅದಕ್ಕೆ ಆರು ವರ್ಷ ಮುಂಚೆಯೇ, ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ ಉಪಗ್ರಹ ಶೈಕ್ಷಣಿಕ ಟೆಲಿವಿಷನ್ ಪ್ರಯೋಗದಲ್ಲಿ ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು ಆರಿಸಲಾಗಿತ್ತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಅಮೆರಿಕದ ಎಟಿಎಸ್-೬ ಉಪಗ್ರಹದ ಮೂಲಕ ಕಾರ್ಯಕ್ರಮಗಳು ಬರುತ್ತಿದ್ದುವು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಹೀಗೆ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಜನ ರಾಜಧಾನಿಯ ಜನಕ್ಕಿಂತ ಮೊದಲೇ ಟೆಲಿವಿಷನ್ನಿನ ಪ್ರೇಕ್ಷಕರಾದರು.

ಆ ಪ್ರಯೋಗದ ಒಂದು ಅಂಶ ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು ಏಕಕಾಲದಲ್ಲಿ ಕಳುಹಿಸುವ ಸೌಕರ್ಯ ಆ ಉಪಗ್ರಹದಲ್ಲಿದ್ದಿತು. ತೆಲುಗು ಮತ್ತು ಕನ್ನಡ ಕಾರ್ಯಕ್ರಮಗಳು ಎರಡೂ ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದುವು. ಚಿತ್ರ ಒಂದಾದರೂ ಮಾತು ಬೇರೆ, ಆ ಮಾತಿಗೆ ಅದರದೇ ಹೆಸರು ಉಂಟು ಎಂಬ ತತ್ತ್ವವನ್ನು ಯಂತ್ರವೇ ಒಪ್ಪಿಕೊಂಡಿತ್ತು. ಅರ್ಧ ಶತಮಾನ ಕಳೆಯುವ ಹೊತ್ತಿಗೆ ಲೋಕದ ಅತ್ಯಂತ ಶ್ರೀಮಂತ ವೇದಿಕೆಯೊಂದು ಆ ತತ್ತ್ವವನ್ನು ಮರೆತುದು ಯೋಚಿಸತಕ್ಕ ಸಂಗತಿ.

ಟೆಲಿವಿಷನ್ ಬರುವ ಮೊದಲೂ ಇಲ್ಲಿನ ಜನ ಪ್ರೇಕ್ಷಕರಾಗಿದ್ದರು, ಬಯಲಾಟದ ಪ್ರೇಕ್ಷಕರಾಗಿದ್ದರು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರ ಇರುತ್ತದೆ. ವೇಷಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ವಿನಯದಿಂದ ಮಾತನಾಡಿಸಿ, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಹೆಸರನ್ನೂ ಕುಲವನ್ನೂ ಪರಾಕ್ರಮವನ್ನೂ ತಾನೇ ಸಭೆಗೆ ಹೇಳಿಕೊಳ್ಳುತ್ತದೆ. ಸಾರಥಿ ಹಾಸ್ಯವನ್ನೂ ಆಡುತ್ತಾನೆ. ರಾಜನ ವೇಷವನ್ನು ಕೆಣಕುವುದೂ ಉಂಟು. ಆದರೆ ಬಂದವನ ಹೆಸರನ್ನು ಅವನು ತಾನಾಗಿ ಇಡುವುದಿಲ್ಲ. ಕೇಳಿ ತಿಳಿಯುವುದು ಅವನ ಧರ್ಮ. ನಿರೂಪಕನ ಕೆಲಸಕ್ಕೆ ಇದಕ್ಕಿಂತ ಉತ್ತಮವಾದ ಅಳತೆಗೋಲನ್ನು ನಾವು ಬೇರೆಲ್ಲಿಂದಲೂ ತರಬೇಕಾಗಿಲ್ಲ. ಓದು ಬಾರದ ಜನರಲ್ಲಿಯೂ ಮಾತಿನ ಗುಣದೋಷಗಳನ್ನು ಅರಿಯುವ ಶಕ್ತಿಯುಂಟೆಂದು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗವು ಗುರುತಿಸಿದೆ. ಪ್ರೇಕ್ಷಕನ ಪ್ರತಿಕ್ರಿಯೆಯನ್ನು ತೂಗುವಾಗ ಈ ಮಾತನ್ನು ನೆನಪಿನಲ್ಲಿಡಬೇಕು.

೪

ಈಗ ಸಂಗತಿಯನ್ನು ಕ್ರಮವಾಗಿ ನಿರೂಪಿಸುವೆವು. ೨೦೨೨ರ ಮಾರ್ಚ್ ೨೫ರಂದು ಬಿಡುಗಡೆಯಾದ 'ಆರ್‌ಆರ್‌ಆರ್' ತೆಲುಗಿನಲ್ಲಿ ತಯಾರಾದ ಚಿತ್ರ. ಕನ್ನಡ, ತಮಿಳು, ಮಲಯಾಳ, ಹಿಂದಿ ಭಾಷೆಗಳಿಗೆ ಅದನ್ನು ಡಬ್ ಮಾಡಲಾಗಿತ್ತು. ನಿರ್ದೇಶಕರು ಎಸ್. ಎಸ್. ರಾಜಮೌಳಿ. ಅಲ್ಲೂರಿ ಸೀತಾರಾಮ ರಾಜು ಮತ್ತು ಕೊಮರಂ ಭೀಮ್ ಎಂಬ ಇಬ್ಬರು ಐತಿಹಾಸಿಕ ಪುರುಷರನ್ನು ಕಲ್ಪಿತ ಕಥೆಯೊಂದರಲ್ಲಿ ಗೆಳೆಯರನ್ನಾಗಿ ಕೂಡಿಸಿದ ಚಿತ್ರ ಅದು. ಎಂ. ಎಂ. ಕೀರವಾಣಿಯವರ ಸಂಗೀತ ಮತ್ತು ಚಂದ್ರಬೋಸ್ ಅವರ ಸಾಹಿತ್ಯದ 'ನಾಟು ನಾಟು' ಎಂಬ ಹಾಡಿಗೆ ೨೦೨೩ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಮಾರ್ಚ್ ೧೨ರಂದು ಆಸ್ಕರ್ ಪ್ರಶಸ್ತಿಯೂ ಬಂದುವು. ಭಾರತದಲ್ಲಿ ಅದು ಮಾರ್ಚ್ ೧೩ರ ಸೋಮವಾರದ ಬೆಳಗಿನ ಜಾವ. ಸಮಾರಂಭ ಆರಂಭವಾದಾಗ ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ.

ನಿರೂಪಕ ಜಿಮ್ಮಿ ಕಿಮ್ಮೆಲ್ ಅವರು ಮೊದಲ ಭಾಷಣದಲ್ಲಿ ಈ ಚಿತ್ರವನ್ನು ಬಾಲಿವುಡ್ಡಿನದೆಂದು ಹೇಳಿದರು. ತಮ್ಮ ಭಾಷಣದ ಕೊನೆಯಲ್ಲಿ ಆ ಹಾಡಿನ ನರ್ತಕರು ಬಂದು ತಮ್ಮನ್ನು ವೇದಿಕೆಯಿಂದ ಆಚೆಗೆ ಕರೆದೊಯ್ಯುವ ವಿನೋದವನ್ನೂ ಏರ್ಪಡಿಸಿದ್ದರು. ಇದಕ್ಕೆ ವಿರುದ್ಧವಾದ ಉದಾಹರಣೆ ಅದೇ ವೇದಿಕೆಯಲ್ಲಿ ದೊರೆಯಿತು. ಹಾಡನ್ನು ಪರಿಚಯಿಸಲು ಬಂದ ದೀಪಿಕಾ ಪಡುಕೋಣೆಯವರು, ಅದು ತೆಲುಗಿನಲ್ಲಿ ಹಾಡಿದುದೆಂದೂ ಚಿತ್ರದ ನಾಯಕರಿಬ್ಬರು ಯಾರೆಂದೂ ಹೆಸರು ಹೇಳಿ ತಿಳಿಸಿದರು. ಹಿಂದಿ ಚಿತ್ರಗಳಿಂದ ಪ್ರಸಿದ್ಧರಾದ ಇವರ ಮೊದಲ ಚಿತ್ರ ೨೦೦೬ರ ಕನ್ನಡ ಚಿತ್ರ 'ಐಶ್ವರ್ಯ' ಎಂಬುದನ್ನು ನಮ್ಮ ವಾಚಕರು ಬಲ್ಲರು. ಒಂದೇ ಸಭೆಯಲ್ಲಿ ಒಬ್ಬರು ಹೆಸರನ್ನು ಅಳಿಸಿದರು, ಒಬ್ಬರು ಹೇಳಿದರು. ಎರಡಕ್ಕೂ ಹಿಡಿಯುವ ಕಾಲ ಕೆಲವು ಕ್ಷಣಗಳಷ್ಟೆ. ಆದುದರಿಂದ ಸಮಯವಿರಲಿಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು.

ಪ್ರೇಕ್ಷಕರ ಆಕ್ಷೇಪ ಇಷ್ಟಕ್ಕೇ ನಿಲ್ಲಲಿಲ್ಲ. ವೇದಿಕೆಯ ಮೇಲೆ ಆ ಹಾಡಿಗೆ ಕುಣಿದವರಲ್ಲಿ ದಕ್ಷಿಣ ಏಷ್ಯಾದವರು ವಿರಳರಾಗಿದ್ದರೆಂಬ ದೂರು ಕೇಳಿಬಂದಿತು. ತಮಿಳುನಾಡಿನ ಮುದುಮಲೈ ಕಾಡಿನ ಆನೆಪಾಲಕ ದಂಪತಿಗಳನ್ನು ಕುರಿತ 'ದಿ ಎಲಿಫೆಂಟ್ ವಿಸ್ಪರರ್ಸ್' ಕಿರು ಸಾಕ್ಷ್ಯಚಿತ್ರಕ್ಕೆ ಅದೇ ದಿನ ಪ್ರಶಸ್ತಿ ಬಂದಾಗ, ನಿರ್ಮಾಪಕಿ ಗುನೀತ್ ಮೋಂಗಾ ಅವರ ಮಾತಿಗೆ ಮುನ್ನವೇ ವಾದ್ಯ ಮೊಳಗಿ ಅವರು ಮಾತನಾಡಲಾಗದೆ ಹೋದುದೂ ಅನೇಕರಿಗೆ ನೋವನ್ನು ತಂದಿತು. ಹೆಸರು, ದೇಹ, ಮಾತು: ಮೂರರಲ್ಲಿಯೂ ತಮಗೆ ಸಲ್ಲಬೇಕಾದುದು ಪೂರ್ತಿ ಸಲ್ಲಲಿಲ್ಲವೆಂಬುದು ಈ ಆಕ್ಷೇಪಗಳ ಒಟ್ಟು ಭಾವ. ಗೆದ್ದ ಸಂತೋಷದ ನಡುವೆಯೇ ಈ ಕೊರತೆಯನ್ನು ಕಂಡರೆಂಬುದು ಗಮನಾರ್ಹ. ಸೋತವರ ಮುನಿಸನ್ನು ಅಸೂಯೆಯೆಂದು ತಳ್ಳಿಹಾಕಬಹುದು. ಗೆದ್ದವರ ಮುನಿಸನ್ನು ಹಾಗೆ ತಳ್ಳಿಹಾಕಲಾಗದು. ಆದರೂ ಇತಿಹಾಸದ ವಿದ್ಯಾರ್ಥಿ ಒಂದು ಎಚ್ಚರಿಕೆ ವಹಿಸಬೇಕು. ಗಟ್ಟಿಯಾಗಿ ಮಾತನಾಡಿದವರು ನೋಡಿದವರೆಲ್ಲರ ಪ್ರತಿನಿಧಿಗಳಲ್ಲ. ನೋಡಿ ಸುಮ್ಮನಿದ್ದವರ ಅಭಿಪ್ರಾಯಕ್ಕೆ ದಾಖಲೆಯಿಲ್ಲ.

೫

ಈ ತಪ್ಪಿಗೆ ಕಾರಣಗಳೇನು? ನಿರೂಪಕರ ಅಜ್ಞಾನವೊಂದನ್ನೇ ಹೇಳಿ ಮುಗಿಸುವುದು ಇತಿಹಾಸದ ಕ್ರಮವಲ್ಲ.

ಮೊದಲನೆಯದಾಗಿ, ಅಮೆರಿಕದ ಬಹುಮಂದಿ ಪ್ರೇಕ್ಷಕರು ನೆಟ್‌ಫ್ಲಿಕ್ಸ್ ಮೂಲಕ ನೋಡಿದುದು ಹಿಂದಿಗೆ ಡಬ್ ಆದ ಪ್ರತಿಯನ್ನು. ತೆಲುಗು ಮೂಲ ಬೇರೊಂದು ಸಂಸ್ಥೆಯ ವಶದಲ್ಲಿದ್ದಿತು. ಎರಡನೆಯದಾಗಿ, ಆ ವರ್ಷ ಭಾರತದ ಅಧಿಕೃತ ಪ್ರವೇಶವಾಗಿ ಕಳುಹಿಸಿದ್ದುದು 'ಛೆಲ್ಲೊ ಶೋ' ಎಂಬ ಗುಜರಾತಿ ಚಿತ್ರ. 'ಆರ್‌ಆರ್‌ಆರ್' ಸಾಮಾನ್ಯ ವಿಭಾಗಗಳಲ್ಲಿ ಸ್ಪರ್ಧಿಸಿದುದರಿಂದ ದೇಶದ, ಭಾಷೆಯ ಹೆಸರುಗಳು ಅದರ ಜೊತೆಗೆ ತಾವಾಗಿ ಸೇರಲಿಲ್ಲ. ಮೂರನೆಯದಾಗಿ, ಬಾಲಿವುಡ್ ಎಂಬ ಪದದ ಚರಿತ್ರೆ. ಕಲ್ಕತ್ತೆಯ ಟಾಲಿಗಂಜಿನ ಚಿತ್ರೋದ್ಯಮವನ್ನು ಟಾಲಿವುಡ್ ಎಂದು ಕರೆದುದು ೧೯೩೨ರಷ್ಟು ಹಿಂದೆ. ಬೊಂಬಾಯಿಯನ್ನೂ ಹಾಲಿವುಡ್ಡನ್ನೂ ಕೂಡಿಸಿದ ಬಾಲಿವುಡ್ ಎಂಬ ಪದ ೧೯೭೦ರ ದಶಕದಲ್ಲಿ ಬಳಕೆಗೆ ಬಂದಿತು. ಮೊದಲು ಬೊಂಬಾಯಿಯ ಹಿಂದಿ ಚಿತ್ರಗಳಿಗೆ ಮಾತ್ರ ಸಲ್ಲುತ್ತಿದ್ದ ಈ ಹೆಸರು ಕ್ರಮೇಣ ಹೊರನಾಡಿನವರ ಬಾಯಲ್ಲಿ ಭಾರತದ ಎಲ್ಲ ಚಿತ್ರಗಳಿಗೂ ವಿಸ್ತರಿಸಿತು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿಯೂ ಮೊದಲ ತೆಲುಗು ವಾಕ್ಚಿತ್ರ 'ಭಕ್ತ ಪ್ರಹ್ಲಾದ' ೧೯೩೨ರಲ್ಲಿಯೂ ತೆರೆಕಂಡುವು. ಆ ಪದ ಹುಟ್ಟುವ ಹೊತ್ತಿಗೆ ಇವೆರಡು ಭಾಷೆಗಳ ಚಿತ್ರಗಳಿಗೆ ನಾಲ್ಕು ದಶಕಗಳ ಚರಿತ್ರೆಯಿದ್ದಿತು. ತನಗಿಂತ ಹಿರಿಯವಾದುವನ್ನು ತನ್ನ ಹೆಸರಿನೊಳಗೆ ಅಡಗಿಸಿಕೊಂಡ ಪದ ಅದು.

ರಾಜಮೌಳಿಯವರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ನಿರ್ದೇಶಕರ ಸಂಘದಲ್ಲಿ ಚಿತ್ರವನ್ನು ತೋರಿಸಿದಾಗ, ಇದು ಬಾಲಿವುಡ್ ಚಿತ್ರವಲ್ಲ, ತಾವು ಬಂದ ದಕ್ಷಿಣ ಭಾರತದ ತೆಲುಗು ಚಿತ್ರ ಎಂದು ಅವರು ಸ್ಪಷ್ಟಪಡಿಸಿದ್ದರು. ಸಾರಥಿ ಕೇಳದಿದ್ದರೂ ಪಾತ್ರ ತನ್ನ ಹೆಸರನ್ನು ಹೇಳಿಕೊಂಡಿದ್ದಿತು. ಹೀಗಿದ್ದೂ ತಪ್ಪು ನಡೆದುದರಿಂದಲೇ ಪ್ರೇಕ್ಷಕರಿಗೆ ಅದು ಹೆಚ್ಚು ತೀಕ್ಷ್ಣವಾಗಿ ತಟ್ಟಿತೆಂದು ತೋರುತ್ತದೆ.

ಇದಕ್ಕೆ ಒಂದು ಪ್ರತಿವಾದವುಂಟು. ಮಾರ್ಚ್ ೧೪ರಂದು ರಾಜ್ಯಸಭೆಯು ಪ್ರಶಸ್ತಿ ಪಡೆದವರನ್ನು ಅಭಿನಂದಿಸಿದಾಗ ಸದಸ್ಯೆ ಜಯಾ ಬಚ್ಚನ್ ಅವರು, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಯಾವ ದಿಕ್ಕಿನವರಾದರೇನು, ಎಲ್ಲರೂ ಭಾರತೀಯರೇ ಎಂಬ ಅರ್ಥದ ಮಾತನ್ನಾಡಿದರು. ಈ ಮಾತಿನ ಹಿಂದಿನ ಸದ್ಭಾವನೆಯನ್ನು ನಾವು ಒಪ್ಪುತ್ತೇವೆ. ಆದರೆ ಭಾರತೀಯ ಎಂಬುದು ಎಲ್ಲರ ಹೆಸರು. ಬಾಲಿವುಡ್ ಎಂಬುದು ಒಬ್ಬರ ಹೆಸರು. ಎಲ್ಲರ ಹೆಸರಿನಿಂದ ಕರೆದರೆ ಯಾರಿಗೂ ಕೊರತೆಯಿಲ್ಲ. ಒಬ್ಬರ ಹೆಸರನ್ನು ಎಲ್ಲರ ಮೇಲೆ ಹೊದಿಸಿದರೆ ಉಳಿದವರು ಮರೆಯಾಗುತ್ತಾರೆ. ಈ ಎರಡರ ವ್ಯತ್ಯಾಸವನ್ನು ಕಾಣದಿದ್ದರೆ ಪ್ರೇಕ್ಷಕರ ದೂರು ಬರಿಯ ಪ್ರಾಂತಾಭಿಮಾನದಂತೆ ತೋರುವುದು ಸಹಜ.

೬

ನಾವು ಮೊದಲು ಸೂಚಿಸಿದ ವಿಶೇಷ ಕಾರಣಕ್ಕೆ ಈಗ ಬರುವೆವು. ರಾಜಮೌಳಿಯವರು ಹುಟ್ಟಿದುದು ೧೯೭೩ರ ಅಕ್ಟೋಬರ್ ೧೦ರಂದು, ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ಅವರ ಮನೆತನ ಗೋದಾವರಿ ತೀರದ ಕೊವ್ವೂರಿನದು. ತುಂಗಭದ್ರಾ ಅಣೆಕಟ್ಟೆಯಿಂದ ೧೯೫೩ರಲ್ಲಿ ನೀರು ಹರಿದ ಮೇಲೆ, ಎಡದಂಡೆ ಕಾಲುವೆಯ ಬಯಲಿಗೆ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ಭತ್ತ ಬೆಳೆಯತೊಡಗಿದರು. ಅವರ ನೆಲೆಗಳಿಗೆ ಕ್ಯಾಂಪು ಎಂಬ ಹೆಸರಾಯಿತು. ಕ್ಯಾಂಪು ಎಂದರೆ ಬೀಡು. ಬೀಡು ಇಂದಿದ್ದು ನಾಳೆ ಕೀಳುವುದು. ಆದರೆ ಮಾನ್ವಿ, ಸಿಂಧನೂರುಗಳ ಕಡೆಯ ಈ ಕ್ಯಾಂಪುಗಳಲ್ಲಿ ಎಷ್ಟೋ ಮನೆಗಳು ಎರಡು ಮೂರು ತಲೆಮಾರು ಕಂಡಿವೆ. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತವರನ್ನು ಇಂದಿಗೂ ಆಂಧ್ರದವರು ಎಂದೇ ಕರೆಯುವ ವಾಡಿಕೆ ನಮ್ಮಲ್ಲಿದೆ. ಲಾಸ್ ಏಂಜಲಿಸ್ಸಿನ ನಿರೂಪಕರಿಗೆ ನಾವು ಹೇಳುವ ಬುದ್ಧಿಮಾತು ನಮ್ಮ ಊರಿನ ಕಟ್ಟೆಯ ಮೇಲೂ ಸಲ್ಲಬೇಕಷ್ಟೆ.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ. ಪ್ರಶಸ್ತಿ ಬಂದ ದಿನಗಳಲ್ಲಿ ರಾಜಮೌಳಿಯವರ ರಾಯಚೂರಿನ ನಂಟನ್ನು ಹೆಮ್ಮೆಯಿಂದ ಸ್ಮರಿಸಿದವರು ಉಂಟು. ಹೆಮ್ಮೆ ಉಚಿತವೇ. ಆದರೆ ಅವರು ನಮ್ಮವರು, ಆದುದರಿಂದ ಚಿತ್ರವೂ ಒಂದು ಬಗೆಯಲ್ಲಿ ನಮ್ಮದು ಎಂದು ವಾದಿಸಿದರೆ, ತೆಲುಗಿನ ಹೆಸರನ್ನು ನಾವೂ ಅಳಿಸಿದಂತಾಗುತ್ತದೆ. ಹುಟ್ಟಿದ ನೆಲ ಕರ್ನಾಟಕ, ಮಾತು ತೆಲುಗು. ಎರಡನ್ನೂ ಹೇಳಿದರೆ ಮಾತ್ರ ಸತ್ಯ ಪೂರ್ತಿಯಾಗುತ್ತದೆ.

ಹೊರಗಿನವರಿಟ್ಟ ಹೆಸರಿನ ಭಾರವನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲುದು. ೧೯೪೮ರ ಸೆಪ್ಟೆಂಬರ್ ೧೭ರವರೆಗೆ ಇದು ನಿಜಾಮರ ಆಳ್ವಿಕೆಯಲ್ಲಿದ್ದಿತು. ಆಡಳಿತದ ಭಾಷೆ ಉರ್ದು. ಚಿತ್ರದ ನಾಯಕರಲ್ಲಿ ಒಬ್ಬನಾದ ಕೊಮರಂ ಭೀಮ್, ಗೊಂಡರ ಮುಂದಾಳಾಗಿ ೧೯೪೦ರಲ್ಲಿ ಮಡಿದುದು ಇದೇ ಪ್ರಭುತ್ವದ ವಿರುದ್ಧ ಹೋರಾಡಿ. ಆ ಅರ್ಥದಲ್ಲಿ ಅವನೂ ನಮ್ಮ ಹಿರಿಯರೂ ಒಂದೇ ರಾಜ್ಯದ ಪ್ರಜೆಗಳು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ರಾಜ್ಯ ಕನ್ನಡದ್ದಾದರೂ ನಮ್ಮ ಸೀಮೆಗೆ ಹೈದರಾಬಾದ್ ಕರ್ನಾಟಕವೆಂಬ ಹೆಸರು ಆರು ದಶಕಗಳ ಕಾಲ ಉಳಿಯಿತು. ಅದು ಕಲ್ಯಾಣ ಕರ್ನಾಟಕವಾದುದು ೨೦೧೯ರ ಸೆಪ್ಟೆಂಬರಿನಲ್ಲಿ. ಹೆಸರು ಬದಲಾದ ಮಾತ್ರಕ್ಕೆ ಬಾವಿಯಲ್ಲಿ ನೀರು ಬರುವುದಿಲ್ಲವೆಂದು ಹೇಳುವವರು ಉಂಟು. ನಿಜ. ಆದರೆ ತಮ್ಮನ್ನು ಆಳಿದವನ ರಾಜಧಾನಿಯ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದವರಿಗೆ, ಅದನ್ನು ಬಿಟ್ಟ ದಿನದ ಅರ್ಥ ಬೇರೆಯವರು ಹೇಳಿಕೊಡಬೇಕಾದುದಲ್ಲ.

ಹೆಸರಿನ ಬೆಲೆಗೆ ನಮ್ಮ ಜಿಲ್ಲೆಯೇ ಒದಗಿಸಿದ ಸಾಕ್ಷಿಯೊಂದಿದೆ. ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಕಾಣುತ್ತಿದ್ದಿತೇ ಹೊರತು, ಆ ರಾಜನ ಸ್ವಂತ ಹೆಸರು ಕಾಣುತ್ತಿರಲಿಲ್ಲ. ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ದೊರೆಯಿತು. ಬಿರುದಿನಿಂದ ಊಹಿಸಿದ್ದುದು ಹೆಸರಿನಿಂದ ಸಿದ್ಧವಾಯಿತು. ಬಿರುದು ಹಲವರಿಗೆ ಸಲ್ಲಬಹುದು. ಹೆಸರು ಒಬ್ಬನನ್ನು ನಿಲ್ಲಿಸಿ ತೋರಿಸುತ್ತದೆ. ಇತಿಹಾಸಶಾಸ್ತ್ರದ ಈ ಪಾಠವನ್ನು ಮಸ್ಕಿಯ ನೆರೆಹೊರೆಯವರಾದ ನಾವು ಮರೆಯಬಾರದು.

೭

ಮೇಲಿನ ವಿಚಾರಗಳಿಂದ ಮೂರು ಅಂಶಗಳು ತಿಳಿದುಬರುತ್ತವೆ. ೧೯೫೩ರಿಂದ ಪ್ರಶಸ್ತಿ ಸಮಾರಂಭವು ಪ್ರೇಕ್ಷಕನ ಆಶ್ರಯದಲ್ಲಿ ನಡೆಯುತ್ತ ಬಂದಿದೆ. ಆದುದರಿಂದ ಅವನ ಆಕ್ಷೇಪಕ್ಕೆ ಆಶ್ರಯದಾತನ ಅಧಿಕಾರವಿದೆ. ೨೦೨೩ರ ಆಕ್ಷೇಪ ಪ್ರಶಸ್ತಿಯನ್ನು ಕುರಿತದ್ದಲ್ಲ, ಕರೆದ ಬಗೆಯನ್ನು ಕುರಿತದ್ದು. ಅದರ ಹಿಂದೆ ಡಬ್ ಆದ ಪ್ರತಿಯ ಪ್ರಸಾರದಿಂದ ಹಿಡಿದು ಪದವೊಂದರ ಅತಿವ್ಯಾಪ್ತಿಯವರೆಗೆ ಹಲವು ಕಾರಣಗಳಿದ್ದುವು. ಕೊನೆಯದಾಗಿ, ಹಲವು ಮಾತುಗಳು ಕೂಡುವ ಗಡಿಸೀಮೆಯ ಜನಕ್ಕೆ ಈ ವಿವಾದ ದೂರದ್ದಲ್ಲ. ಅದು ಅವರ ದಿನನಿತ್ಯದ ವ್ಯವಹಾರ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ೧೯೭೫-೭೬ರಲ್ಲಿ ಹಳ್ಳಿಯ ಟೆಲಿವಿಷನ್ನಿನ ಮುಂದೆ ಕುಳಿತಿದ್ದ ಮಕ್ಕಳು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರು ಏನು ನೋಡಿದರು, ಯಾವ ಮಾತನ್ನು ತಮ್ಮದೆಂದುಕೊಂಡರು, ಯಾವುದನ್ನು ಪರಕೀಯವೆಂದುಕೊಂಡರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಕ್ಯಾಂಪುಗಳ ಹಿರಿಯರನ್ನೂ ಹಾಗೆಯೇ ಕಂಡು, ತಮ್ಮ ಊರನ್ನು ಅವರು ಏನೆಂದು ಕರೆಯುತ್ತಾರೆಂದು ವಿಚಾರಿಸಬೇಕು. ಅಲ್ಲಿಗೆ ಹೋಗುವ ವಿದ್ಯಾರ್ಥಿ ಉತ್ತರವನ್ನು ಮೊದಲೇ ಬರೆದುಕೊಂಡು ಹೋಗದೆ, ಸಾರಥಿಯಂತೆ ಕೇಳಿ ತಿಳಿದು ಬರುವುದು ಒಳ್ಳೆಯದು.